ಪತ್ರಿಕೆಯ ಒಂದು ಪುಟದಲ್ಲಿ ಪಾಪ್ ಆಲ್ಬಮ್: ಜಾಹೀರಾತು ಕಟ್ಟುವುದು ಹೇಗೆ

ಪಾಪ್ ಆಲ್ಬಮಿನ ಜಾಹೀರಾತು ಎಷ್ಟೇ ಚೆಂದವಾಗಿರಲಿ, ಕಾಗದದಿಂದ ಒಂದು ಸ್ವರವೂ ಕೇಳಿಸುವುದಿಲ್ಲ. ಹಾಗಾಗಿ ಆ ಪುಟದಿಂದ ನಾವು ಕೇಳಬಹುದಾದ ಕೆಲಸ ಒಂದೇ: ಆಲ್ಬಮಿನ ಕವರನ್ನು ಓದುಗರ ಕಣ್ಣಲ್ಲಿ ಕೂರಿಸುವುದು. ವಾರ ಕಳೆದ ಮೇಲೆ ಅಂಗಡಿಯ ಸಾಲಿನಲ್ಲೋ ಫೋನಿನ ಪರದೆಯಲ್ಲೋ ಆ ಚೌಕ ಕಂಡಾಗ "ಓ, ಇದಾ!" ಅನ್ನಿಸಿದರೆ ಜಾಹೀರಾತಿಗೆ ಹಾಕಿದ ದುಡ್ಡು ಬಂತು. ಅಕ್ಷರದ ಗಾತ್ರ, ಬಣ್ಣ, ಫೋಟೊ, ಮೂಲೆಯ ಲೋಗೊ, ಎಲ್ಲವನ್ನೂ ಈ ಒಂದು ಪ್ರಶ್ನೆಗೆ ಹಚ್ಚಿ ನೋಡಿ: ಇದರಿಂದ ಕವರ್ ನೆನಪಲ್ಲಿ ಉಳಿಯುತ್ತದೆಯೋ, ಇಲ್ಲವೋ?

ನಾನು ಮೈಸೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಗಣೇಶೋತ್ಸವದ ಕರಪತ್ರ ಅಂತ ಪೇಜ್‌ಮೇಕರ್ ಅನ್ನುವ ಪುಟ ಜೋಡಿಸುವ ಸಾಫ್ಟ್‌ವೇರ್ ಮುಂದೆ ಕೂತು ಕೆಲಸ ಕಲಿತವನು. ಆಮೇಲೆ ಲಂಡನ್ನಿಗೆ ಬಂದು ಪತ್ರಿಕೆಗಳ ಜಾಹೀರಾತು ಪ್ರೊಡಕ್ಷನ್ ವಿಭಾಗ ಸೇರಿದೆ. ರೆಕಾರ್ಡ್ ಕಂಪನಿಗಳಿಂದ ಬಂದ ಪುಟಗಳ ಅಳತೆ ನೋಡಿ, ಬಣ್ಣ ನೋಡಿ, ಪ್ರೂಫ್ ತೆಗೆದು ಪ್ರೆಸ್ಸಿಗೆ ಬಿಡುವುದು ನನ್ನ ಕೆಲಸವಾಗಿತ್ತು. ಈಗ ಇದನ್ನೆಲ್ಲ ಬರೆಯಲು ಕಾರಣ ಅಕ್ಕನ ಮಗಳು. ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ಓದುತ್ತಾಳೆ, ಮೀಡಿಯಾ ಸ್ಟಡೀಸ್ ತೆಗೆದುಕೊಂಡಿದ್ದಾಳೆ. ಮ್ಯೂಸಿಕ್ ವಿಡಿಯೊ, ಡಿಜಿಪ್ಯಾಕ್ (ಸಿಡಿಯ ರಟ್ಟಿನ ಹೊದಿಕೆ) ಕವರ್, ಮ್ಯಾಗಜೀನ್ ಜಾಹೀರಾತು, ಈ ಮೂರನ್ನೂ ಒಂದು ಗಂಟಾಗಿ ಮಕ್ಕಳ ಕೈಯಲ್ಲಿ ಮಾಡಿಸುವ ರೂಢಿ ಬ್ರಿಟನ್ನಿನ ಎ-ಲೆವೆಲ್ (ನಮ್ಮ ಪಿಯುಸಿಯಂಥದ್ದು) ತರಗತಿಗಳಲ್ಲಿ ಬಹಳ ವರ್ಷಗಳಿಂದ ಬಂದಿದೆ. ವಿಡಿಯೊಗೆ ತಿಂಗಳುಗಟ್ಟಲೆ ಬೆವರು ಹರಿಸುವ ಮಕ್ಕಳು ಜಾಹೀರಾತನ್ನು ಕೊನೆಯ ರಾತ್ರಿ ಮಾಡುತ್ತಾರೆ. ಅದು ನೋಡಿದವರಿಗೆ ಗೊತ್ತಾಗಿಯೇ ಆಗುತ್ತದೆ.

ಮೊದಲು ಪತ್ರಿಕೆ ಯಾವುದು ಅಂತ ನೋಡಿ

ಜಾಹೀರಾತು ಗಾಳಿಯಲ್ಲಿ ತೇಲುವುದಿಲ್ಲ, ಒಂದು ಪತ್ರಿಕೆಯ ಎರಡು ಪುಟಗಳ ನಡುವೆ ಕೂರುತ್ತದೆ. 1952ರಲ್ಲಿ ಶುರುವಾದ ಎನ್‌ಎಂಇ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ಬಹುಕಾಲ ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಬಂದ ವಾರಪತ್ರಿಕೆ. ಅದರ ಓದುಗರಿಗೆ ಗಿಟಾರ್ ಬ್ಯಾಂಡುಗಳ ಹುಚ್ಚು, ಹೊಳಪಿನ ಮೇಲೆ ಅನುಮಾನ. ಕಪ್ಪು-ಬಿಳುಪು, ಒರಟು ಫೋಟೊ, ದಪ್ಪ ಅಕ್ಷರ ಅಲ್ಲಿ ಚೆನ್ನಾಗಿ ಒಗ್ಗುತ್ತಿತ್ತು. 1978ರಿಂದ 2006ರವರೆಗೆ ನಡೆದ ಸ್ಮ್ಯಾಷ್ ಹಿಟ್ಸ್ ಹಾಡಿನ ಸಾಹಿತ್ಯ ಅಚ್ಚು ಹಾಕುತ್ತಿದ್ದ ಪಾಕ್ಷಿಕ. ಓದುವವರು ಸ್ಕೂಲಿನ ಮಕ್ಕಳು, ಪುಟ ಹರಿದು ಗೋಡೆಗೆ ಅಂಟಿಸಿಕೊಳ್ಳುವವರು. ಅಲ್ಲಿ ದೊಡ್ಡ ಮುಖ, ಮಿಠಾಯಿ ಬಣ್ಣ. 1986ರಲ್ಲಿ ಬಂದ ‘ಕ್ಯೂ’ (Q) ಅನ್ನುವುದು ಸಿಡಿ ಕೊಳ್ಳಲು ಜೇಬಲ್ಲಿ ದುಡ್ಡಿದ್ದ ದೊಡ್ಡವರ ಪತ್ರಿಕೆ. ದಪ್ಪ ನುಣುಪು ಕಾಗದ, ವಿಮರ್ಶೆಗೆ ನಕ್ಷತ್ರ. 2020ರಲ್ಲಿ ಅದೂ ನಿಂತಿತು. ಅಲ್ಲಿನ ಆಲ್ಬಮ್ ಜಾಹೀರಾತುಗಳಲ್ಲಿ ಖಾಲಿ ಜಾಗ ಹೆಚ್ಚು, ಮಾತು ಕಡಿಮೆ. ಕೆರಾಂಗ್ ಪತ್ರಿಕೆ ಅಂದರೆ ಹೆವಿ ಮೆಟಲ್. ಬ್ಯಾಂಡಿನ ಲೋಗೊವನ್ನೇ ಓದುಗರು ಆರಾಧಿಸುವ ಜಾಗ ಅದು.

ಪೆಟ್ ಶಾಪ್ ಬಾಯ್ಸ್‌ನ ನೀಲ್ ಟೆನೆಂಟ್ ಹಾಡುಗಾರನಾಗಿ ಹೆಸರು ಮಾಡುವ ಮೊದಲು ಸ್ಮ್ಯಾಷ್ ಹಿಟ್ಸ್‌ನಲ್ಲಿ ಸಂಪಾದಕೀಯ ಕೆಲಸದಲ್ಲಿದ್ದವರು. ಪಾಪ್ ಪುಟ ಹೇಗಿರುತ್ತದೆ ಅಂತ ಒಳಗಿಂದ ಕಂಡವರು. 1986ರಲ್ಲಿ ಅವರ ಮೊದಲ ಆಲ್ಬಮ್ ಬಂದಾಗ ಮಾರ್ಕ್ ಫ್ಯಾರೋ ಮಾಡಿದ ಕವರ್ ಪೂರಾ ಬಿಳಿ, ನಡುವೆ ಅಂಚೆಚೀಟಿಯಷ್ಟು ಚಿಕ್ಕ ಫೋಟೊ. ಬಣ್ಣ ಕಿಕ್ಕಿರಿದ ಪಾಪ್ ಪತ್ರಿಕೆಯ ನಡುವೆ ಬಿಳಿ ಚೌಕ ಎದುರಾದರೆ ಕಣ್ಣು ತಾನಾಗಿ ನಿಲ್ಲುತ್ತದೆ. ಸುತ್ತಲಿನ ಪುಟಗಳು ಕೂಗುತ್ತಿವೆಯೇ, ಸುಮ್ಮನಿವೆಯೇ ಅಂತ ನೋಡಿಕೊಂಡು ನಿಮ್ಮದನ್ನು ತೀರ್ಮಾನಿಸಿ. ಯಾವ ಪತ್ರಿಕೆಗೆ ಮಾಡುತ್ತಿದ್ದೀರೋ ಅದರ ಹಳೆಯ ಸಂಚಿಕೆ ತಂದು, ನಿಮ್ಮ ಪ್ರಿಂಟನ್ನು ಅದರೊಳಗೆ ಸಿಕ್ಕಿಸಿ ಮಗುಚಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

ಚೌಕವನ್ನು ಉದ್ದ ಪುಟಕ್ಕೆ ಒಗ್ಗಿಸುವುದು

ಕೆಲಸದ ತಿರುಳು ಇಲ್ಲಿದೆ. ಕವರ್ ಚೌಕ, ಪುಟ ಉದ್ದ. ಎ4 ಪುಟ ಅಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಕವರನ್ನು ಪುಟದ ಅಗಲಕ್ಕೆ ಸರಿಯಾಗಿ ಕೂರಿಸಿದರೆ ಕೆಳಗೆ 87 ಮಿ.ಮೀ. ಉಳಿಯುತ್ತದೆ. ಕವರನ್ನು ಎತ್ತರಕ್ಕೆ ಹಿಗ್ಗಿಸಿದರೆ ಅಷ್ಟೇ 87 ಮಿ.ಮೀ. ಎಡಬಲದಲ್ಲಿ ಕತ್ತರಿಸಿ ಹೋಗುತ್ತದೆ, ಅಂದರೆ ಚಿತ್ರದ ಸುಮಾರು ಮೂರರಲ್ಲೊಂದು ಪಾಲು. ನಾಲ್ಕು ಜನರ ಬ್ಯಾಂಡಾದರೆ ಅಂಚಿನಲ್ಲಿ ನಿಂತವರ ಭುಜ ಮಾಯ.

ಇದಕ್ಕೆ ರೂಢಿಯಲ್ಲಿರುವ ದಾರಿ ಮೂರು. ಒಂದು, ಕವರನ್ನು ಹಾಗೇ ಮೇಲಿಟ್ಟು ಕೆಳಗಿನ 87 ಮಿ.ಮೀ. ಪಟ್ಟಿಯಲ್ಲಿ ಮಾಹಿತಿ ತುಂಬುವುದು. ಅಗ್ಗದ್ದು, ಬೇಗ ಆಗುವಂಥದ್ದು. ಚಿಕ್ಕ ರೆಕಾರ್ಡ್ ಕಂಪನಿಗಳು ಇದನ್ನೇ ಮಾಡುತ್ತವೆ. ಎರಡನೆಯದು, ಕವರಿನ ಹಿನ್ನೆಲೆಯನ್ನು ಮೇಲಕ್ಕೂ ಕೆಳಕ್ಕೂ ಬೆಳೆಸಿ ಪುಟ ತುಂಬಿಸುವುದು. ಆಕಾಶವಿದ್ದರೆ ಇನ್ನಷ್ಟು ಆಕಾಶ, ಬಣ್ಣದ ಗೋಡೆಯಿದ್ದರೆ ಇನ್ನಷ್ಟು ಗೋಡೆ. ಮೂರನೆಯದು ಕವರ್‌ ಶೂಟಿಂಗಿನದ್ದೇ ಇನ್ನೊಂದು ಫೋಟೊ: ಅದೇ ಬಟ್ಟೆ, ಅದೇ ಬೆಳಕು, ನಿಂತ ಭಂಗಿ ಮಾತ್ರ ಬೇರೆ. ಅದನ್ನು ಪುಟದ ತುಂಬ ಹಾಕಿ, ಕೆಳಗೆ ಬಲಮೂಲೆಯಲ್ಲಿ ಕವರಿನ ಚಿಕ್ಕ ಚಿತ್ರ ಇಡುವುದು. ಆ ಚಿಕ್ಕ ಚಿತ್ರಕ್ಕೆ ನಮ್ಮ ಕಸುಬಿನಲ್ಲಿ ಪ್ಯಾಕ್ ಶಾಟ್ ಅನ್ನುತ್ತೇವೆ.

ನನಗೆ ಎರಡನೆಯ ದಾರಿ ಇಷ್ಟ. ಮೂರನೆಯದು ಪಾಪ್ ತಾರೆಯರಿಗೆ ಹೊಂದುತ್ತದೆ, ಯಾಕೆಂದರೆ ಅಲ್ಲಿ ಮಾರಾಟವಾಗುವುದೇ ಮುಖ. ಆದರೆ ಮೂರನೆಯದನ್ನು ಹಿಡಿದವರು ಪ್ಯಾಕ್ ಶಾಟನ್ನು ತೀರಾ ಚಿಕ್ಕದು ಮಾಡಿ ಕೆಡಿಸುತ್ತಾರೆ. ಎ4 ಪುಟದಲ್ಲಿ 45 ಮಿ.ಮೀ.ಗಿಂತ ಚಿಕ್ಕ ಕವರ್ ಇಟ್ಟರೆ ಅದು ಇದ್ದೂ ಇಲ್ಲದಂತೆ. 55ರಿಂದ 60 ಇಡಿ. ಬಲಮೂಲೆಯೇ ಯಾಕೆ ಅಂದರೆ, ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದಿ ಅಭ್ಯಾಸವಿರುವವರ ಕಣ್ಣು ಪುಟ ಮಗುಚುವ ಮೊದಲು ಹಾದುಹೋಗುವ ಕೊನೆಯ ಜಾಗ ಅದು. ಕೈಬೆರಳು ಇರುವುದೂ ಅಲ್ಲೇ.

ಕವರಿನ ವಿನ್ಯಾಸ ಒಳ್ಳೆಯದಿದ್ದರೆ ಜಾಹೀರಾತು ಮುಕ್ಕಾಲು ಪಾಲು ಮುಗಿದಂತೆ. 2000ದಲ್ಲಿ ಬ್ಲರ್ ಬ್ಯಾಂಡಿನ ಆಯ್ದ ಹಾಡುಗಳ ಆಲ್ಬಮಿಗೆ ಜೂಲಿಯನ್ ಓಪಿ ನಾಲ್ವರ ಮುಖಗಳನ್ನು ದಪ್ಪ ಕಪ್ಪು ಗೆರೆ, ಚಪ್ಪಟೆ ಬಣ್ಣದಲ್ಲಿ ಬರೆದರು. ನಾಲ್ಕು ಬಣ್ಣದ ಚೌಕ, ನಾಲ್ಕು ಮುಖ. ಅಂಥದ್ದನ್ನು ಬಿಡಿಸಿ ಉದ್ದ ಪುಟಕ್ಕೂ ಜೋಡಿಸಬಹುದು, ಅಡ್ಡ ಪಟ್ಟಿಗೂ ಜೋಡಿಸಬಹುದು, ಬಸ್ಸಿನ ಪಕ್ಕಕ್ಕೂ ಹಾಕಬಹುದು. ಎಲ್ಲಿ ಕಂಡರೂ ಅದೇ ಆಲ್ಬಮ್. 2005ರಲ್ಲಿ ಕೋಲ್ಡ್‌ಪ್ಲೇ ಬ್ಯಾಂಡಿನ ಆಲ್ಬಮಿಗೆ ಟ್ಯಾಪಿನ್ ಗಾಫ್ಟನ್ ವಿನ್ಯಾಸಕಾರರು ಹಳೆಯ ಟೆಲಿಗ್ರಾಫಿನ ಬೋಡೊ ಸಂಕೇತವನ್ನು ಬಣ್ಣದ ಇಟ್ಟಿಗೆಗಳಂತೆ ಜೋಡಿಸಿದರು. ಇಟ್ಟಿಗೆಯ ವಿನ್ಯಾಸಕ್ಕೆ ಪುಟದ ಆಕಾರ ತೊಡಕಾಗುವುದಿಲ್ಲ. 2013ರ ಆರ್ಕ್‌ಟಿಕ್ ಮಂಕೀಸ್ ಆಲ್ಬಮ್ ನೋಡಿ: ಕಪ್ಪಿನ ಮೇಲೆ ಒಂದು ಬಿಳಿ ಅಲೆಗೆರೆ. ಕಪ್ಪನ್ನು ಎಷ್ಟು ಬೇಕಾದರೂ ಎಳೆಯಬಹುದು. ಕವರ್ ಮಾಡುವಾಗಲೇ "ಇದನ್ನು ಉದ್ದ ಮಾಡಿದರೆ ಏನಾಗುತ್ತದೆ?" ಅಂತ ಕೇಳಿಕೊಂಡಿದ್ದರೆ ಆಮೇಲೆ ಪರದಾಟವಿಲ್ಲ.

ಕವರಿನ ಮೇಲೆ ಹೆಸರೇ ಇಲ್ಲದಿದ್ದರೆ? 1973ರಲ್ಲಿ ಪಿಂಕ್ ಫ್ಲಾಯ್ಡ್‌ಗೆ ಹಿಪ್‌ನೋಸಿಸ್ ಅನ್ನುವ ವಿನ್ಯಾಸ ತಂಡ ಮಾಡಿದ ಪ್ರಿಸಮ್ ಕವರಿನ ಮುಂಭಾಗದಲ್ಲಿ ಒಂದಕ್ಷರವಿಲ್ಲ. 1979ರಲ್ಲಿ ಪೀಟರ್ ಸ್ಯಾವಿಲ್ ಜಾಯ್ ಡಿವಿಷನ್ನಿಗೆ ಮಾಡಿದ್ದರಲ್ಲೂ ಇಲ್ಲ. ಒಂದು ಪಲ್ಸಾರ್ ನಕ್ಷತ್ರದಿಂದ ಬಂದ ರೇಡಿಯೊ ಅಲೆಗಳ ಗೆರೆಗಳಷ್ಟೇ. ಅಂಥ ಕವರಿಗೆ ಹೆಸರು ಹೇಳುವ ಹೊರೆಯೆಲ್ಲ ಜಾಹೀರಾತಿನ ಮೇಲೆ ಬೀಳುತ್ತದೆ. ಆಗ ಚಿತ್ರವನ್ನು ಮುಟ್ಟಬೇಡಿ. ಹೆಸರನ್ನು ಚಿತ್ರದ ಹೊರಗೆ, ಖಾಲಿ ಜಾಗದಲ್ಲಿ ಇಡಿ. ಚಿತ್ರದ ಮೇಲೆ ಬರೆದರೆ ಓದುಗರು ಅಂಗಡಿಯಲ್ಲಿ ಅಕ್ಷರವಿರುವ ಕವರ್ ಹುಡುಕುತ್ತಾರೆ, ಸಿಗುವುದಿಲ್ಲ.

ಅಕ್ಷರಗಳ ಸಾಲುಗಟ್ಟು

ಪುಟದ ಮೇಲೆ ಎಲ್ಲಕ್ಕಿಂತ ದೊಡ್ಡದು ಹಾಡುಗಾರರ ಹೆಸರು. ಅದು ಕವರಿನ ಮೇಲೆ ಯಾವ ಅಕ್ಷರದಲ್ಲಿದೆಯೋ ಅದೇ ಅಕ್ಷರದಲ್ಲಿರಬೇಕು, ಇಲ್ಲಿ ರಾಜಿಯಿಲ್ಲ. ಓಯಸಿಸ್ ಬ್ಯಾಂಡಿಗೆ ಬ್ರಯನ್ ಕ್ಯಾನನ್ ಮಾಡಿಕೊಟ್ಟ ಲೋಗೊ ಕಪ್ಪು ಆಯತದೊಳಗೆ ಬಿಳಿ ಅಕ್ಷರ, ಅಷ್ಟೇ. ಯಾವ ಫೋಟೊ ಮೇಲೆ ಬೇಕಾದರೂ ಚೀಟಿ ಅಂಟಿಸಿದ ಹಾಗೆ ಕೂರುತ್ತದೆ, ಹಿನ್ನೆಲೆ ಎಷ್ಟೇ ಗಜಿಬಿಜಿಯಾಗಿರಲಿ ಓದಿಸಿಕೊಳ್ಳುತ್ತದೆ. 1994ರ ಆಗಸ್ಟ್ 29ರಂದು ಅವರ ಮೊದಲ ಆಲ್ಬಮ್ ಬಂತು. ಕವರಿನ ಫೋಟೊದಲ್ಲಿ ಕೋಣೆಯ ತುಂಬ ಸಾಮಾನು, ಜನ. ಮೂಲೆಯಲ್ಲಿ ಆ ಕಪ್ಪು ಚೀಟಿ ಮಾತ್ರ ಅಲ್ಲಾಡದೆ ನಿಂತಿದೆ. ಲೋಗೊ ಇಲ್ಲದ ಹೊಸಬರಾದರೆ ಮೊದಲು ಇಂಥದ್ದೊಂದನ್ನು ಮಾಡಿಕೊಳ್ಳಿ.

ಎರಡನೆಯದು ಆಲ್ಬಮಿನ ಹೆಸರು. ಹಾಡುಗಾರರ ಹೆಸರಿನ ಅರ್ಧದಷ್ಟು ಎತ್ತರ ಸಾಕು. ಮೂರನೆಯದು ದಿನಾಂಕ. ಬ್ರಿಟನ್ನಿನಲ್ಲಿ ಆಲ್ಬಮ್‌ಗಳು ಸೋಮವಾರ ಅಂಗಡಿಗೆ ಬರುತ್ತಿದ್ದವು. 2015ರ ಜುಲೈ 10ರಿಂದ ಜಗತ್ತಿನ ಬಹುತೇಕ ಕಡೆ ಶುಕ್ರವಾರ. ಆದ್ದರಿಂದ ನೀವು ತೊಂಬತ್ತರ ದಶಕದ ಜಾಹೀರಾತಿನ ಮಾದರಿಯಲ್ಲಿ ಮಾಡುವುದಾದರೆ ಕ್ಯಾಲೆಂಡರ್ ತೆಗೆದು ಸೋಮವಾರದ ತಾರೀಕು ಹಾಕಿ, ಇಂದಿನದಾದರೆ ಶುಕ್ರವಾರ. ಮೇಷ್ಟ್ರು ಇದನ್ನು ಗಮನಿಸದಿರಬಹುದು, ಸಂಗೀತದ ಪತ್ರಿಕೆ ಓದಿ ಬೆಳೆದವರು ಗಮನಿಸುತ್ತಾರೆ.

ನಾಲ್ಕನೆಯದನ್ನು ಮಕ್ಕಳು ಸಾಮಾನ್ಯವಾಗಿ ಮರೆಯುತ್ತಾರೆ. ಪಾಪ್‌ನಲ್ಲಿ ಅದೇ ಬಹಳ ಮುಖ್ಯ: "ಈ ಹಿಟ್ ಹಾಡುಗಳು ಇದರಲ್ಲಿವೆ" ಅನ್ನುವ ಸಾಲು. ಯಾಕೆಂದರೆ ರೇಡಿಯೊದಲ್ಲಿ ಹಾಡು ಕೇಳಿದವರಿಗೆ ಪಲ್ಲವಿ ಬಾಯಿಗೆ ಬಂದಿರುತ್ತದೆ, ಹಾಡಿದವರು ಯಾರು, ಆಲ್ಬಮ್ ಯಾವುದು ಅಂತ ಗೊತ್ತಿರುವುದಿಲ್ಲ. ಆ ಒಂದು ಸಾಲು ಕಿವಿಯಲ್ಲಿರುವುದನ್ನೂ ಕಣ್ಣೆದುರಿನ ಕವರನ್ನೂ ಗಂಟು ಹಾಕುತ್ತದೆ. ಎರಡು, ಹೆಚ್ಚೆಂದರೆ ಮೂರು ಹಾಡಿನ ಹೆಸರು ಹಾಕಿ. ಇಡೀ ಪಟ್ಟಿ ಸಿಡಿಯ ಬೆನ್ನಿಗಿರಲಿ.

ವಿಮರ್ಶೆಯ ನಕ್ಷತ್ರಗಳು ಆಮೇಲೆ. ನಾಲ್ಕು, ಐದು ನಕ್ಷತ್ರ ಬಂದಿದ್ದರೆ ಮಾತ್ರ ಹಾಕುವುದು ರೂಢಿ. ನಕ್ಷತ್ರದ ಕೆಳಗೆ ಪತ್ರಿಕೆಯ ಹೆಸರು, ಪಕ್ಕದಲ್ಲಿ ಉದ್ಧರಣೆಯಿದ್ದರೆ ಮೂರು-ನಾಲ್ಕು ಪದ. ಉದ್ಧರಣೆಯನ್ನು ತುಂಡರಿಸಿ ಅರ್ಥ ತಿರುಚಬಾರದು. "ಅದ್ಭುತವಾಗಬಹುದಿತ್ತು" ಅನ್ನುವುದನ್ನು "ಅದ್ಭುತ" ಅಂತ ಕತ್ತರಿಸಿದರೆ ಅದು ಓದುಗರಿಗೆ ಮಾಡಿದ ಮೋಸ, ಬ್ರಿಟನ್ನಿನ ಜಾಹೀರಾತು ನಿಯಮಗಳ ಪ್ರಕಾರವೂ ದಾರಿ ತಪ್ಪಿಸುವ ಜಾಹೀರಾತು ಸಲ್ಲದು. ಯಾರೂ ಇನ್ನೂ ವಿಮರ್ಶೆ ಬರೆದಿಲ್ಲವಾದರೆ ಆ ಜಾಗ ಖಾಲಿ ಬಿಡಿ. ಖಾಲಿ ಜಾಗದಿಂದ ಯಾವ ಪುಟವೂ ಕೆಟ್ಟದ್ದಿಲ್ಲ.

ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿ ಉಳಿದವು: ಸಿಡಿ, ಎಲ್‌ಪಿ, ಡೌನ್‌ಲೋಡ್ ಅಂತ ಯಾವ ಯಾವ ರೂಪದಲ್ಲಿ ಸಿಗುತ್ತದೆ, ವೆಬ್‌ಸೈಟ್, ರೆಕಾರ್ಡ್ ಕಂಪನಿಯ ಲೋಗೊ. ತೊಂಬತ್ತರ ದಶಕದ ಕೊನೆಯ ಪುಟಗಳಲ್ಲಿ ಕ್ಯಾಸೆಟ್, ಮಿನಿಡಿಸ್ಕ್ ಅಂತಲೂ ಇರುತ್ತಿತ್ತು. ಹಳೆಯ ಪುಟದ ಕಾಲ ಗುರುತಿಸಲು ನಾನು ಮೊದಲು ಆ ಸಾಲನ್ನೇ ನೋಡುತ್ತೇನೆ. ಎಷ್ಟೋ ಪುಟಗಳಲ್ಲಿ ಎಚ್‌ಎಂವಿಯಂಥ ಅಂಗಡಿಯ ಲೋಗೊ ಕೂಡ ಇರುತ್ತದೆ. ಅಲಂಕಾರಕ್ಕೆ ಹಾಕಿದ್ದಲ್ಲ, ಅದರ ಹಿಂದೆ ರೆಕಾರ್ಡ್ ಕಂಪನಿಗೂ ಅಂಗಡಿಗೂ ಮಾರಾಟದ ಒಪ್ಪಂದವಿರುತ್ತಿತ್ತು. ಹಾಗೆ ಬಂದ ಲೋಗೊ ಎಷ್ಟು ದೊಡ್ಡದಿರಬೇಕು ಅನ್ನುವುದೂ ಮಾತುಕತೆಯಲ್ಲೇ ತೀರ್ಮಾನವಾಗುತ್ತದೆ, ವಿನ್ಯಾಸಕಾರರ ಕೈಯಲ್ಲಿಲ್ಲ. ಅಭ್ಯಾಸಕ್ಕೆ ಮಾಡುವವರು ಅಂಗಡಿ ಲೋಗೊ ಒಂದು ಹಾಕಿದರೆ ಸಾಕು.

ಸಾಹಿತ್ಯದಲ್ಲಿ ಬೈಗುಳ, ಒರಟು ಮಾತು ಇದ್ದರೆ ಕಪ್ಪು-ಬಿಳುಪಿನ "ಪೇರೆಂಟಲ್ ಅಡ್ವೈಸರಿ" ಚೀಟಿ ಬರುತ್ತದೆ. 1985ರಲ್ಲಿ ಅಮೆರಿಕದಲ್ಲಿ ತಂದೆತಾಯಂದಿರ ಒಂದು ಗುಂಪು ಹಟ ಹಿಡಿದದ್ದರಿಂದ ಶುರುವಾಗಿ, 1990ರ ಹೊತ್ತಿಗೆ ಎಲ್ಲ ಕಂಪನಿಗಳಿಗೂ ಒಂದೇ ಆಕಾರಕ್ಕೆ ಬಂದದ್ದು ಅದು. ಸುಮ್ಮನೆ ಗತ್ತಿಗೆ ಅಂಟಿಸಬೇಡಿ. ಪದಗಳ ವಿಷಯ ಬಂದಾಗ 1977ರ ಪ್ರಸಂಗ ನೆನಪಿಗೆ ಬರುತ್ತದೆ. ಸೆಕ್ಸ್ ಪಿಸ್ಟಲ್ಸ್ ಆಲ್ಬಮಿನ ಕವರ್ ಜೇಮೀ ರೀಡ್ ಮಾಡಿದ್ದು, ಹಳದಿ ಹಿನ್ನೆಲೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದಂಥ ಅಕ್ಷರ. ಒರಟು ಪದವಿದ್ದ ಅದರ ಶೀರ್ಷಿಕೆಯನ್ನು ಕಿಟಕಿಯಲ್ಲಿ ತೋರಿಸಿದ್ದಕ್ಕೆ ನಾಟಿಂಗ್‌ಹ್ಯಾಮಿನ ಒಂದು ರೆಕಾರ್ಡ್ ಅಂಗಡಿಯ ಮ್ಯಾನೇಜರ್ ಮೇಲೆ 1889ರ ಅಶ್ಲೀಲ ಜಾಹೀರಾತು ಕಾಯ್ದೆಯಡಿ ಮೊಕದ್ದಮೆ ಹೂಡಲಾಯಿತು. ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಒರಟು ಶೀರ್ಷಿಕೆ ಇಟ್ಟುಕೊಂಡವರು ಪತ್ರಿಕೆಯವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮುಖ ಎಲ್ಲಿ ನೋಡುತ್ತಿದೆ

ಪಾಪ್‌ನಲ್ಲಿ ಹಾಡುಗಾರರು ನೇರವಾಗಿ ಓದುಗರ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾರೆ. ಇಂಡೀ ಬ್ಯಾಂಡಿನವರು ಗೋಡೆಗೆ ಒರಗಿ ಪಕ್ಕಕ್ಕೆ ನೋಡುತ್ತಾರೆ. ಹಿಪ್‌ಹಾಪ್‌ನಲ್ಲಿ ಕ್ಯಾಮೆರಾ ಕೆಳಗಿರುತ್ತದೆ, ಹಾಡುಗಾರ ಮೇಲಿಂದ ನೋಡುತ್ತಾನೆ. ಮೆಟಲ್‌ನಲ್ಲಿ ಎಷ್ಟೋ ಸಲ ಮುಖವೇ ಇರುವುದಿಲ್ಲ, ಚಿತ್ರ ಮತ್ತು ಲೋಗೊ ಅಷ್ಟೇ. ಇವು ಕಾನೂನಲ್ಲ, ಓದುಗರಿಗೆ ಒಗ್ಗಿದ ಗುರುತುಗಳು. ಯಾವುದನ್ನಾದರೂ ಮುರಿಯಬೇಕಾದರೆ ಒಂದನ್ನು ಮಾತ್ರ ಮುರಿಯಿರಿ, ಉಳಿದವನ್ನು ಹಾಗೇ ಬಿಡಿ. 2005ರಲ್ಲಿ ಫ್ರಾನ್ಜ್ ಫರ್ಡಿನಾಂಡ್ ಬ್ಯಾಂಡ್ ತಮ್ಮ ಮುಖ ಬಿಟ್ಟು, ರಷ್ಯಾದ ಕಲಾವಿದ ರೋಡ್ಚೆಂಕೊ 1924ರಲ್ಲಿ ಪುಸ್ತಕಗಳಿಗೆ ಮಾಡಿದ ಪೋಸ್ಟರಿನ ಕೂಗುವ ಹೆಂಗಸಿನ ಮಾದರಿಯನ್ನು ಕವರಿಗೆ ತಂದಿತು. ಕೂಗುವ ಮುಖ, ದಪ್ಪ ಅಕ್ಷರ, ಎರಡು-ಮೂರೇ ಬಣ್ಣ. ಬೀದಿ ಗೋಡೆಗೆಂದು ಹುಟ್ಟಿದ ಆ ರೂಪ ಪತ್ರಿಕೆಯ ಪುಟದಲ್ಲೂ ದೂರದಿಂದ ಹಿಡಿಯಿತು.

ಫೋಟೊ ತೆಗೆಯುವಾಗಲೇ ಅಕ್ಷರಕ್ಕೆ ಜಾಗ ಬಿಡಿಸಿ. ತಲೆಯ ಮೇಲೆ ಪುಟದ ಕಾಲುಭಾಗ ಖಾಲಿ ಇರಲಿ. ತೆಗೆದಾದ ಮೇಲೆ ಕಂಪ್ಯೂಟರಿನಲ್ಲಿ ಆಕಾಶ ಬೆಳೆಸಬಹುದು ನಿಜ, ಕೂದಲಿನ ಅಂಚಿನಲ್ಲಿ ಅದು ಸಿಕ್ಕಿಬೀಳುತ್ತದೆ.

ಅಕ್ಕನ ಮಗಳ ಪುಟ

ಅವಳ ಗೆಳತಿಯೇ ಹಾಡುಗಾರ್ತಿ. ಕವರಿಗೆ ಅವಳು ತೆಗೆದ ಫೋಟೊ ನಿಜಕ್ಕೂ ಚೆನ್ನಾಗಿತ್ತು: ಸಂಜೆಯ ಕಡುನೀಲಿ, ಥೇಮ್ಸ್ ಸೇತುವೆ, ಹಳದಿ ರೇನ್‌ಕೋಟಿನ ಟೋಪಿಯೊಳಗೆ ಹುಡುಗಿಯ ಮುಖ. ಹೆಸರು ತೆಳ್ಳನೆಯ ಬಿಳಿ ಅಕ್ಷರದಲ್ಲಿ, ಒಂದಕ್ಕೊಂದು ದೂರ ದೂರ. ಆದರೆ ಜಾಹೀರಾತಿನಲ್ಲಿ ಆ ಹಳದಿ ಕೋಟೇ ಇಲ್ಲ! ಅದೇ ಹುಡುಗಿ ಪಾರ್ಕಿನಲ್ಲಿ ಗಿಟಾರ್ ಹಿಡಿದು ಕೂತಿದ್ದಾಳೆ, ಹಸಿರು ಹುಲ್ಲು, ಬಿಸಿಲು. ಹೆಸರಿಗೆ ಕೈಬರಹದಂಥ ಫಾಂಟ್, ಆಲ್ಬಮಿಗೆ ಇನ್ನೊಂದು, ದಿನಾಂಕಕ್ಕೆ ಮತ್ತೊಂದು. ಎಡಕ್ಕೆ ಊರೂರಿನ ಸಂಗೀತ ಕಛೇರಿಗಳ ಪಟ್ಟಿ, ಕೆಳಗೆ ಸೋಷಿಯಲ್ ಮೀಡಿಯಾ ಚಿಹ್ನೆಗಳ ಸರ, ನಡುವೆ "ಹೃದಯ ತಟ್ಟುವ ಹೊಸ ದನಿ" ಅಂತ ಒಂದು ಪ್ಯಾರಾ.

"ಪುಟ್ಟಿ, ಆ ಹಳದಿ ಕೋಟು ಎಲ್ಲಿ?" ಅಂದೆ.

"ಮಾಮ, ಕವರಲ್ಲಿರೋ ಫೋಟೊನೇ ಮತ್ತೆ ಹಾಕಿದ್ರೆ ಬೋರ್ ಆಗಲ್ವಾ?"

"ನೀನು ಅದನ್ನ ತಿಂಗಳಿಂದ ನೋಡ್ತಾ ಇದೀಯ, ನಿನಗೆ ಬೋರು. ಪತ್ರಿಕೆ ತೆಗೆಯೋರು ಇವತ್ತೇ ಮೊದಲು ನೋಡೋದು."

ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಳು. ಆಮೇಲೆ ಇಬ್ಬರೂ ಕೂತೆವು. ಸೇತುವೆಯ ಮೇಲೆ ತೆಗೆದ ಉಳಿದ ಫೋಟೊಗಳಲ್ಲಿ ಒಂದು ಉದ್ದಕ್ಕೆ ತೆಗೆದದ್ದು ಸಿಕ್ಕಿತು, ಅದೇ ಕೋಟು, ಅದೇ ಬೆಳಕು, ತಲೆಯ ಮೇಲೆ ಬೇಕಾದಷ್ಟು ನೀಲಿ. ಅದನ್ನು ಪುಟ ತುಂಬ ಹಾಕಿದೆವು. ಕಣ್ಣುಗಳು ಪುಟದ ಮೇಲಂಚಿನಿಂದ 110 ಮಿ.ಮೀ. ಕೆಳಗೆ ಬರುವಂತೆ ಸರಿಸಿದೆವು. ಹೆಸರು ಕವರಿನದೇ ಅಕ್ಷರದಲ್ಲಿ, ಮೇಲಿನ ನೀಲಿಯಲ್ಲಿ, ಒಂದೇ ಸಾಲು. ಆದರೆ ಪುಟದ ಅಳತೆಗೆ ಬಂದಾಗ ಆ ತೆಳ್ಳನೆಯ ಅಕ್ಷರ ನೀಲಿಯಲ್ಲಿ ಕರಗಿಹೋಗುತ್ತಿತ್ತು. ಅದೇ ಫಾಂಟಿನ ಒಂದು ಹಂತ ದಪ್ಪನೆಯದನ್ನು ಹಾಕಿ, ಕವರಿನಲ್ಲೂ ಅದನ್ನೇ ಬದಲಿಸಿದೆವು. ಆಲ್ಬಮಿನ ಹೆಸರಿಗೆ ಕೋಟಿನ ಹಳದಿಯನ್ನೇ ಬಣ್ಣ ಎತ್ತುವ ಐಡ್ರಾಪರಿನಿಂದ ಎತ್ತಿಕೊಂಡೆವು. ಕವರ್ 58 ಮಿ.ಮೀ., ಬಲಮೂಲೆಯಲ್ಲಿ. ಅದರ ಎಡಕ್ಕೆ ದಿನಾಂಕ, ಎರಡು ಹಾಡಿನ ಹೆಸರು. ಕಛೇರಿಗಳ ಪಟ್ಟಿ, ಪ್ಯಾರಾ, ಚಿಹ್ನೆಗಳ ಸರ, ಮೂರೂ ಹೋದವು. ಒಂದು ವೆಬ್‌ಸೈಟ್ ಉಳಿಯಿತು. ಕಛೇರಿಗಳಿಗೆ ಬೇರೆಯೇ ಪೋಸ್ಟರ್ ಮಾಡುವುದು ರೂಢಿ, ಎರಡನ್ನೂ ಒಂದೇ ಪುಟಕ್ಕೆ ತುರುಕಿದರೆ ಎರಡೂ ಸೋಲುತ್ತವೆ.

ಮುಗಿದ ಮೇಲೆ ಎ4 ಪ್ರಿಂಟ್ ತೆಗೆದು ಅಕ್ಕನ ಕೈಗೆ ಕೊಟ್ಟು, ಒಂದು ಎಣಿಸುವಷ್ಟರಲ್ಲಿ ಕಿತ್ತುಕೊಂಡೆವು. "ಏನು ಕಂಡಿತು?" ಅಂದರೆ ಅಕ್ಕ, "ಹಳದಿ ಟೋಪಿ ಹುಡುಗಿ" ಅಂದಳು. ನಿಮ್ಮ ಪುಟಕ್ಕೂ ಇದನ್ನು ಮಾಡಿ. ಜೊತೆಗೆ ಹಾಡುಗಾರರ ಹೆಸರನ್ನು ಕೈಯಿಂದ ಮುಚ್ಚಿ ನೋಡಿ: ಬಣ್ಣ, ಫೋಟೊ, ಅಕ್ಷರದ ಶೈಲಿ ಇಷ್ಟರಿಂದಲೇ ಇದು ಯಾವ ಆಲ್ಬಮ್ ಅಂತ ವಿಡಿಯೊ ಕಂಡವರಿಗೆ ಗೊತ್ತಾಗಬೇಕು.

ಪ್ರೆಸ್ಸಿಗೆ ಹೋಗುವ ಮುನ್ನ

ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಬಿಡಿ, ಅಂದರೆ ಫೈಲಿನ ಅಳತೆ 216 x 303. ಕತ್ತರಿ ಒಂದು ಕೂದಲೆಳೆ ಆಚೀಚೆಯಾದರೆ ಬಿಳಿ ಅಂಚು ಕಾಣಬಾರದು. ಮುಖ್ಯವಾದ ಅಕ್ಷರವೆಲ್ಲ ಕತ್ತರಿಸುವ ಗೆರೆಯಿಂದ ಒಳಗೆ 10 ಮಿ.ಮೀ. ಇರಲಿ. ಫೋಟೊ ಅಚ್ಚಿನ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ. ಎರಡು ಪುಟದ ಸ್ಪ್ರೆಡ್ ಆದರೆ ನಡುವಿನ ಮಡಿಕೆಯಲ್ಲಿ ಮುಖ ಬಾರದಂತೆ ನೋಡಿಕೊಳ್ಳಿ. ಮೂಗು ಮಡಿಕೆಗೆ ಸಿಕ್ಕ ಎಷ್ಟೋ ಗಾಯಕರನ್ನು ನಾನು ಪ್ರೂಫಿನಲ್ಲಿ ನೋಡಿ ವಾಪಸ್ ಕಳಿಸಿದ್ದೇನೆ.

ಬಣ್ಣದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಪರದೆಯ ಮೇಲೆ ಮಿಂಚುವ ನೀಲಿ, ಗುಲಾಬಿ, ಹಸಿರು ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ: ಸಯಾನ್ ನೀಲಿ, ಮಜೆಂಟಾ, ಹಳದಿ, ಕಪ್ಪು) ಶಾಯಿಗೆ ಬಂದಾಗ ಮಂಕಾಗುತ್ತವೆ. ಕೆಲಸ ಶುರುಮಾಡುವಾಗಲೇ ಸಿಎಂವೈಕೆಗೆ ಬದಲಿಸಿಕೊಂಡರೆ ಕೊನೆಗೆ ಎದೆ ಒಡೆಯುವುದಿಲ್ಲ. ದೊಡ್ಡ ಕಪ್ಪು ಹಿನ್ನೆಲೆಗೆ ಬರೀ ಕಪ್ಪು ಶಾಯಿ ಹಾಕಿದರೆ ಬೂದಿಯಂತೆ ಕಾಣುತ್ತದೆ, ಜೊತೆಗೆ ಸ್ವಲ್ಪ ನೀಲಿ ಸೇರಿಸಬೇಕು. ಆದರೆ ನಾಲ್ಕೂ ಶಾಯಿಯ ಮೊತ್ತ ನುಣುಪು ಕಾಗದದಲ್ಲಿ ಸುಮಾರು 300 ಪ್ರತಿಶತ, ನ್ಯೂಸ್‌ಪ್ರಿಂಟ್‌ನಲ್ಲಿ 240 ದಾಟಬಾರದು. ದಾಟಿದರೆ ಒಣಗದೆ ಹಿಂದಿನ ಪುಟಕ್ಕೆ ಅಂಟುತ್ತದೆ. ಆ ಕಪ್ಪಿನೊಳಗೆ ಬಿಳಿ ಅಕ್ಷರ ಬಿಡುವುದಾದರೆ 8 ಪಾಯಿಂಟಿಗಿಂತ ಚಿಕ್ಕದು ಬೇಡ, ತೆಳ್ಳನೆಯ ಫಾಂಟಂತೂ ಬೇಡವೇ ಬೇಡ. ಶಾಯಿಗಳು ಎಳೆಯಷ್ಟು ಜರುಗಿದರೂ ಅಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ.

ಕನ್ನಡದ ಆಲ್ಬಮಿಗಾದರೆ

ರಘು ದೀಕ್ಷಿತ್ ಅವರಂಥವರು ಕನ್ನಡದ ಹಾಡನ್ನು ಬ್ರಿಟನ್ನಿನ ವೇದಿಕೆಗೂ ಟಿವಿಗೂ ತಂದಿದ್ದಾರೆ, 2011ರಲ್ಲಿ ಇಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಅವರಿಗೆ ಬಂತು. ಸ್ವತಂತ್ರವಾಗಿ ಆಲ್ಬಮ್ ಮಾಡುವ ಕನ್ನಡದ ಹುಡುಗ ಹುಡುಗಿಯರು ಊರಲ್ಲಿ ಈಗ ಬೇಕಾದಷ್ಟಿದ್ದಾರೆ. ಅವರು ಈ ರೂಢಿಗಳನ್ನು ಹಾಗೇ ಎತ್ತಿಕೊಂಡರೆ ಒಂದು ಕಡೆ ತೊಡಕಾಗುತ್ತದೆ. ಇಂಗ್ಲಿಷಿನಲ್ಲಿ ಹೆಸರನ್ನು ಪೂರಾ ದೊಡ್ಡಕ್ಷರದಲ್ಲಿ, ದೂರ ದೂರ ಇಟ್ಟರೆ ಗತ್ತು ಬರುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಅನ್ನುವ ಭೇದವಿಲ್ಲ, ಅಕ್ಷರಗಳನ್ನು ದೂರ ಎಳೆದರೆ ಪದವೇ ಚೆದುರುತ್ತದೆ. ಆದ್ದರಿಂದ ಗತ್ತನ್ನು ಗಾತ್ರ ಮತ್ತು ದಪ್ಪದಿಂದ ತನ್ನಿ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ ಹೊಂದಿದ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಅಕ್ಷರದ ಗಾತ್ರ 40 ಪಾಯಿಂಟಾದರೆ ಸಾಲಿಗೆ 56 ಕೊಟ್ಟು ನೋಡಿ, ಬೇಕಾದರೆ ಆಮೇಲೆ ಬಿಗಿಮಾಡಿ. ಓಯಸಿಸ್ ಥರದ ಆಯತದ ಚೀಟಿ ಮಾಡುವುದಾದರೆ ಒತ್ತು ಚೀಟಿಯ ಹೊರಗೆ ಕಾಲು ಚಾಚದಂತೆ ಕೆಳಗೆ ಹೆಚ್ಚು ಜಾಗ ಬಿಡಿ. ಚೀಟಿಗೆ ಹೊಂದಿಸಲು ಅಕ್ಷರವನ್ನು ಅಡ್ಡಕ್ಕೆ ಎಳೆದು ಚಪ್ಪಟೆ ಮಾಡುವುದನ್ನು ನಮ್ಮ ಬ್ಯಾನರುಗಳಲ್ಲಿ ದಿನವೂ ನೋಡುತ್ತೇವೆ, ಅದೊಂದು ಮಾತ್ರ ದಯವಿಟ್ಟು ಮಾಡಬೇಡಿ.

ಒಂದು ಆಲ್ಬಮಿಗೆ ಒಂದೇ ಜಾಹೀರಾತು ಸಾಲುವುದಿಲ್ಲ. ಬಿಡುಗಡೆಗೆ ಎರಡು ವಾರ ಮೊದಲು ಒಂದು, ಬಿಡುಗಡೆಯ ವಾರ ಒಂದು, ವಿಮರ್ಶೆಗಳು ಬಂದ ಮೇಲೆ ಇನ್ನೊಂದು ಹಾಕುವುದು ವಾಡಿಕೆ. ಮೂರರಲ್ಲೂ ಫೋಟೊ, ಬಣ್ಣ, ಹೆಸರಿನ ಜಾಗ ಒಂದಿಷ್ಟೂ ಕದಲಬಾರದು. ದಿನಾಂಕವಿದ್ದ ಕಡೆ "ಈಗ ಲಭ್ಯ" ಬರುತ್ತದೆ, ಖಾಲಿ ಬಿಟ್ಟ ಪಟ್ಟಿಗೆ ನಕ್ಷತ್ರಗಳು ಬರುತ್ತವೆ. ಆದ್ದರಿಂದ ಮೊದಲ ಪುಟ ಕಟ್ಟುವಾಗಲೇ ಬದಲಾಗುವ ಸಾಲುಗಳನ್ನು ಬೇರೆ ಲೇಯರಿನಲ್ಲಿ ಇಟ್ಟು, ಮೂರು ಫೈಲಿಗೂ ತಾರೀಕಿನೊಂದಿಗೆ ಬೇರೆ ಬೇರೆ ಹೆಸರು ಕೊಟ್ಟು, ಆಮೇಲೆ ಪಿಡಿಎಫ್ ಮಾಡಿ ಕಳಿಸಿ.